ಬ್ರಿಟನ್ನಿನ ಬೆಲೆಯೇರಿಕೆ ಮತ್ತು ಪಂಕ್ತಿಭೇದದ ಸಿಟ್ಟು

ಬ್ರಿಟನ್ನಿನ ಜನ ಬೆಲೆಯೇರಿಕೆ ಅಳೆಯಲು ಒಂದು ಕಪ್ಪೆ ಇಟ್ಟುಕೊಂಡಿದ್ದಾರೆ. ಫ್ರೆಡೊ ಅಂತ ಅದರ ಹೆಸರು. ಕ್ಯಾಡ್‌ಬರಿಯವರ ಪುಟ್ಟ ಚಾಕೊಲೇಟ್, ಕಪ್ಪೆಯ ಆಕಾರ, ಎರಡು ತುತ್ತಿಗೆ ಮುಗಿದುಹೋಗುತ್ತದೆ. 2000ದ ಸುಮಾರಿಗೆ ಇದು 10 ಪೆನ್ಸ್‌ಗೆ ಸಿಗುತ್ತಿತ್ತು. ಶಾಲೆ ಬಿಟ್ಟು ಬರುವ ಮಕ್ಕಳ ಜೇಬಿಗೆ ಸರಿಯಾದ ಬೆಲೆ. ಈಗ 30 ಪೆನ್ಸ್ ದಾಟಿದೆ. ಸರ್ಕಾರ ಹೇಳುವ ಹಣದುಬ್ಬರದ ಲೆಕ್ಕದಲ್ಲಷ್ಟೇ ಏರಿದ್ದರೆ ಇವತ್ತು 20 ಪೆನ್ಸ್ ಆಸುಪಾಸಿನಲ್ಲಿ ಇರಬೇಕಿತ್ತು. ಇಲ್ಲಿ ಮೂವತ್ತು ನಲವತ್ತು ವಯಸ್ಸಿನವರು ನಾಲ್ಕು ಜನ ಸೇರಿ ಬೆಲೆಯ ಮಾತು ತೆಗೆದರೆ, ಯಾರಾದರೊಬ್ಬರು ಈ ಕಪ್ಪೆಯನ್ನು ಎಳೆದು ತಂದೇ ತರುತ್ತಾರೆ. ಎಲ್ಲರೂ ನಗುತ್ತಾರೆ. ಆಮೇಲೆ ಮಾತು ಬೇರೆ ದಾರಿ ಹಿಡಿಯುತ್ತದೆ. "ಅವರಿಗೆ ಸಿಕ್ತು, ನಮಗ್ಯಾಕಿಲ್ಲ?"

ಇಲ್ಲಿಯವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ "ಫೇರ್". ಬಸ್ಸಿನ ಕ್ಯೂನಲ್ಲಿ, ಆಫೀಸಿನ ಟೀ ಹೊತ್ತಿನಲ್ಲಿ, ಪಾರ್ಲಿಮೆಂಟಿನಲ್ಲಿ, ಎಲ್ಲ ಕಡೆ. ಕನ್ನಡದಲ್ಲಿ "ನ್ಯಾಯ" ಅಂದರೆ ಕೋರ್ಟು ಕಚೇರಿ ನೆನಪಾಗುತ್ತದೆ. ಇವರು ಹೇಳುವುದಕ್ಕೆ ಹತ್ತಿರದ್ದು ನಮ್ಮ "ಪಂಕ್ತಿಭೇದ". ಊಟದ ಸಾಲಿನಲ್ಲಿ ಪಕ್ಕದ ಎಲೆಗೆ ತುಪ್ಪ ಬಿತ್ತು, ಸೌಟು ನಮ್ಮ ಎಲೆ ದಾಟಿ ಮುಂದೆ ಹೋಯಿತು. ತುಪ್ಪ ಯಾರಿಗೂ ಇಲ್ಲ ಅಂದಿದ್ದರೆ ಅಷ್ಟು ಬೇಜಾರಾಗುತ್ತಿರಲಿಲ್ಲ, ಅಲ್ವಾ? ಹದಿಮೂರು ವರ್ಷ ಇಲ್ಲಿದ್ದು ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು: ಈ ದೇಶದಲ್ಲಿ ಸರ್ಕಾರದ ಪ್ರತಿಯೊಂದು ಸಹಾಯಕ್ಕೂ, ಪ್ರತಿಯೊಂದು ತೆರಿಗೆಗೂ ಒಂದು ಗೆರೆ ಎಳೆದಿದ್ದಾರೆ. ಜನ ಜಗಳ ಆಡುವುದು ಆ ಗೆರೆಯ ಆಚೆಗೆ ಒಂದು ಅಡಿ ದೂರದಲ್ಲಿ ನಿಂತವರ ಜೊತೆ. ತುಂಬಾ ದೂರದಲ್ಲಿ ಕೂತವರ ಎಲೆ ಯಾರಿಗೂ ಕಾಣುವುದೇ ಇಲ್ಲ.

ಮೊದಲು ಏನಾಯಿತು ಅಂತ ಬೇಗ ಹೇಳಿಬಿಡುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ 11.1 ಪ್ರತಿಶತಕ್ಕೆ ಹೋಯಿತು. ನಲವತ್ತೊಂದು ವರ್ಷದಲ್ಲೇ ಅತಿ ಜಾಸ್ತಿ. 2023ರ ಮಾರ್ಚ್‌ನಲ್ಲಿ ಆಹಾರದ ಬೆಲೆ ಒಂದೇ ವರ್ಷದಲ್ಲಿ 19 ಪ್ರತಿಶತ ಏರಿತ್ತು. ಕೋವಿಡ್, ಉಕ್ರೇನ್ ಯುದ್ಧ, ಬ್ರೆಕ್ಸಿಟ್ ಎಲ್ಲ ಸೇರಿ ಆದದ್ದು. ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ದರವನ್ನು 0.1ರಿಂದ 5.25ಕ್ಕೆ ತಂದಿತು. ನಡುವೆ ಲಿಜ್ ಟ್ರಸ್ ಪ್ರಧಾನಿಯಾಗಿ ಬಂದು, 2022ರ ಸೆಪ್ಟೆಂಬರ್‌ನಲ್ಲಿ ಸಾಲ ಮಾಡಿ ತೆರಿಗೆ ಇಳಿಸುತ್ತೇವೆ ಅಂತ ತಮ್ಮ ಹಣಕಾಸು ಮಂತ್ರಿಯಿಂದ ಒಂದು ಮಿನಿ ಬಜೆಟ್ ಮಂಡಿಸಿ, ಮನೆ ಸಾಲದ ಬಡ್ಡಿಯನ್ನು ಇನ್ನೂ ಮೇಲಕ್ಕೆ ತಳ್ಳಿ, 49 ದಿನಕ್ಕೆ ಮನೆಗೆ ಹೋದರು. 2024ರ ಮೇ ಹೊತ್ತಿಗೆ ಹಣದುಬ್ಬರ 2 ಪ್ರತಿಶತಕ್ಕೆ ಇಳಿಯಿತು, ಮತ್ತೆ 2025ರಲ್ಲಿ 3.8ಕ್ಕೆ ಏರಿತು. ಟಿವಿಯಲ್ಲಿ "ಹಣದುಬ್ಬರ ಇಳಿಯಿತು" ಅಂದಾಗ ಜನರಿಗೆ ಉರಿಯುತ್ತದೆ. ಇಳಿದದ್ದು ಏರುವ ವೇಗ, ಬೆಲೆ ಎಲ್ಲಿ ಇಳಿಯಿತು? ಐದು ವರ್ಷದ ಹಿಂದಿನ ದಿನಸಿಗೆ ಹೋಲಿಸಿದರೆ ಇವತ್ತು ಮೂರನೇ ಒಂದು ಭಾಗಕ್ಕೂ ಮಿಕ್ಕಿ ಹೆಚ್ಚು ದುಡ್ಡು ಕೊಡಬೇಕು.

ಆ 19 ಪ್ರತಿಶತವೂ ಎಲ್ಲರಿಗೂ ಒಂದೇ ಅಲ್ಲ. ಅಂಗಡಿಯಲ್ಲಿ ಯಾವಾಗಲೂ ಅತಿ ಅಗ್ಗದ ಪೊಟ್ಟಣವನ್ನೇ ತೆಗೆದುಕೊಳ್ಳುವವರು "ನಮ್ಮ ಬೆಲೆ ನಿಮ್ಮ ಲೆಕ್ಕಕ್ಕಿಂತ ಜೋರಾಗಿ ಏರುತ್ತಿದೆ" ಅಂತ ಬಹಳ ದಿನದಿಂದ ಹೇಳುತ್ತಿದ್ದರು. ಕೊನೆಗೆ ಸರ್ಕಾರಿ ಅಂಕಿಅಂಶ ಕಚೇರಿಯೇ ಸೂಪರ್‌ಮಾರ್ಕೆಟ್‌ಗಳ ಅತಿ ಅಗ್ಗದ 30 ಸಾಮಾನುಗಳನ್ನು ಹಿಂಬಾಲಿಸಿತು. 2022ರ ಸೆಪ್ಟೆಂಬರ್‌ಗೆ ಮುಗಿದ ಒಂದು ವರ್ಷದಲ್ಲಿ ಅಡುಗೆ ಎಣ್ಣೆ 65 ಪ್ರತಿಶತ, ಪಾಸ್ತಾ 60, ಟೀ 46 ಏರಿದ್ದವು. ದುಬಾರಿ ಪಾಸ್ತಾ ತಿನ್ನುತ್ತಿದ್ದವರು ಬೆಲೆ ಏರಿದಾಗ ಒಂದು ಮೆಟ್ಟಿಲು ಕೆಳಗೆ ಇಳಿದು ಅಗ್ಗದ್ದು ಹಿಡಿದರು. ಮೊದಲಿಂದಲೂ ಕೊನೇ ಮೆಟ್ಟಿಲಲ್ಲಿ ಇದ್ದವರು ಎಲ್ಲಿಗೆ ಇಳಿಯಬೇಕು? ಅವರು ಹೋದದ್ದು ಬಿಟ್ಟಿ ದಿನಸಿ ಕೊಡುವ ಫುಡ್ ಬ್ಯಾಂಕಿಗೆ. ಟ್ರಸಲ್ ಅನ್ನುವ ಒಂದೇ ಸಂಸ್ಥೆಯ ಫುಡ್ ಬ್ಯಾಂಕ್‌ಗಳು 2023–24ರಲ್ಲಿ 31 ಲಕ್ಷಕ್ಕೂ ಹೆಚ್ಚು ಆಹಾರದ ಪೊಟ್ಟಣ ಹಂಚಿದವು.

ಇದೇ ಹೊತ್ತಿನಲ್ಲಿ ದೊಡ್ಡವರ ಉಪದೇಶಗಳೂ ಬಂದವು. 2022ರ ಫೆಬ್ರವರಿಯಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಂಡ್ರ್ಯೂ ಬೇಲಿ, ಸಂಬಳ ಜಾಸ್ತಿ ಕೇಳಬೇಡಿ, ಸ್ವಲ್ಪ ತಡೆದುಕೊಳ್ಳಿ ಅನ್ನುವ ಅರ್ಥದ ಮಾತಾಡಿದರು. ಅವರ ಸಂಬಳ, ಪಿಂಚಣಿ ಪಾಲು ಎಲ್ಲ ಸೇರಿ ವರ್ಷಕ್ಕೆ 5 ಲಕ್ಷ ಪೌಂಡ್‌ಗಿಂತ ಜಾಸ್ತಿ ಅನ್ನುವುದು ಮರುದಿನವೇ ಎಲ್ಲರ ಬಾಯಿಗೆ ಬಂತು. ಮರುವರ್ಷ ಅದೇ ಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞ ಹ್ಯೂ ಪಿಲ್, ನಾವೆಲ್ಲ ಮೊದಲಿಗಿಂತ ಬಡವರಾಗಿದ್ದೇವೆ ಅಂತ ಒಪ್ಪಿಕೊಳ್ಳಬೇಕು ಅಂದರು. ಲೆಕ್ಕದ ಪ್ರಕಾರ ಇಬ್ಬರದ್ದೂ ಪೂರ್ತಿ ಸುಳ್ಳಲ್ಲ. ಹೊರದೇಶದಿಂದ ತರುವ ಗ್ಯಾಸ್ ದುಬಾರಿಯಾದರೆ ದೇಶ ಬಡವಾಗುವುದು ನಿಜ. ಆದರೆ ಅದನ್ನು ಹೇಳಿದವರು ಯಾರು ಅನ್ನುವುದೇ ಇಲ್ಲಿ ಮುಖ್ಯವಾಗಿಬಿಟ್ಟಿತು.

ಈಗ ಕರೆಂಟ್ ಬಿಲ್ಲಿಗೆ ಬರೋಣ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಆಫ್‌ಜೆಮ್ ಅನ್ನುವ ಕರೆಂಟ್, ಗ್ಯಾಸಿನ ನಿಯಂತ್ರಕರು ಮೂರು ತಿಂಗಳಿಗೊಮ್ಮೆ "ಪ್ರೈಸ್ ಕ್ಯಾಪ್" ಅಂತ ಒಂದು ಸಂಖ್ಯೆ ಹೇಳುತ್ತಾರೆ. 2021ರ ಚಳಿಗಾಲದಲ್ಲಿ ಅದು ಸಾಧಾರಣ ಬಳಕೆಯ ಮನೆಗೆ ವರ್ಷಕ್ಕೆ 1,277 ಪೌಂಡ್. 2022ರ ಅಕ್ಟೋಬರ್‌ಗೆ 3,549 ಆಗಬೇಕಿತ್ತು. ಸರ್ಕಾರ ದುಡ್ಡು ಸುರಿದು 2,500ಕ್ಕೆ ನಿಲ್ಲಿಸಿತು. 2025ರ ಅಕ್ಟೋಬರ್‌ನಲ್ಲಿ 1,755. ಕ್ಯಾಪ್ ಅಂದ ತಕ್ಷಣ "ಇದಕ್ಕಿಂತ ಜಾಸ್ತಿ ಬಿಲ್ ಬರಲ್ಲ" ಅಂತ ಬಹಳ ಜನ ಅಂದುಕೊಂಡಿದ್ದರು. ಪ್ರಧಾನಿಯಾಗಿದ್ದ ಟ್ರಸ್ ಅವರೇ ರೇಡಿಯೋದಲ್ಲಿ ಹಾಗೆ ಹೇಳಿ ತಿದ್ದಿಸಿಕೊಂಡರು. ಕ್ಯಾಪ್ ಇರುವುದು ಒಂದು ಯೂನಿಟ್ಟಿನ ದರಕ್ಕೆ ಮತ್ತು ದಿನದ ಬಾಡಿಗೆಗೆ. ಹೆಚ್ಚು ಉರಿಸಿದರೆ ಹೆಚ್ಚು ಬಿಲ್.

ಆ ದಿನದ ಬಾಡಿಗೆ ಅಂದೆನಲ್ಲ, ಅದರ ಹೆಸರು ಸ್ಟ್ಯಾಂಡಿಂಗ್ ಚಾರ್ಜ್. 2025ರ ಕೊನೆಯಲ್ಲಿ ನಾವು ಮೂರು ವಾರ ಊರಿಗೆ ಹೋಗಿದ್ದೆವು. ಫ್ರಿಜ್ ಖಾಲಿ ಮಾಡಿ, ಬಾಯ್ಲರ್ ಆರಿಸಿ, ಮೇನ್ ಸ್ವಿಚ್ಚನ್ನೇ ಕೆಳಗೆ ಹಾಕಿ ಹೋಗಿದ್ದೆ. ವಾಪಸ್ ಬಂದು ನೋಡಿದರೆ 18 ಪೌಂಡ್ ಚಿಲ್ಲರೆ ಬಿಲ್. ಕರೆಂಟಿಗೆ ದಿನಕ್ಕೆ 53 ಪೆನ್ಸ್ ಚಿಲ್ಲರೆ, ಗ್ಯಾಸಿಗೆ 34. ವರ್ಷಕ್ಕೆ 300 ಪೌಂಡ್ ದಾಟುತ್ತದೆ, ಒಂದು ಬಲ್ಬ್ ಹಾಕದೇ ಇದ್ದರೂ. ಒಂದು ಕೋಣೆಯ ಫ್ಲಾಟಿಗೂ ಹತ್ತು ಕೋಣೆಯ ಬಂಗಲೆಗೂ ಹೆಚ್ಚುಕಡಿಮೆ ಇಷ್ಟೇ. ತಂತಿ, ಕಂಬ, ಮೀಟರಿನ ಖರ್ಚು ಇದರಲ್ಲಿದೆ. 2021ರಿಂದ ಈಚೆಗೆ ಸಾಲುಸಾಲಾಗಿ ಮುಳುಗಿದ ಕಂಪನಿಗಳ ಗ್ರಾಹಕರನ್ನು ಬೇರೆ ಕಂಪನಿಗೆ ಸೇರಿಸಿದ ಖರ್ಚೂ ಇದಕ್ಕೇ ಬಂದು ಬಿತ್ತು. ಯಾರೋ ಅಗ್ಗದ ದರ ತೋರಿಸಿ ವ್ಯಾಪಾರ ಮಾಡಿ ಮುಳುಗಿದರು, ದಂಡ ಎಲ್ಲರ ಮನೆ ಬಾಗಿಲಿಗೆ.

ನಮ್ಮ ಬೀದಿಯ ಮೂಲೆಯ ಅಂಗಡಿಗೆ ಹಾಲು ತರಲು ಹೋದಾಗ ಒಮ್ಮೆ ನನ್ನ ಮುಂದೆ ಒಬ್ಬ ಹುಡುಗ ನಿಂತಿದ್ದ. ಜೇಬಿನಿಂದ ಪ್ಲಾಸ್ಟಿಕ್ಕಿನ ಒಂದು ಕೀ ತೆಗೆದು ಕೌಂಟರ್ ಮೇಲಿಟ್ಟು, "ಐದು ಪೌಂಡ್" ಅಂದ. ಪ್ರೀಪೇಮೆಂಟ್ ಮೀಟರಿನ ಕೀ ಅದು. ಮೊದಲು ದುಡ್ಡು, ಆಮೇಲೆ ಕರೆಂಟು. ಅಂಗಡಿಯವನು ಕೀಯನ್ನು ಯಂತ್ರಕ್ಕೆ ತುರುಕುತ್ತಾ, "ಮೊನ್ನೆ ತಾನೇ ಹಾಕಿಸ್ಕೊಂಡು ಹೋದೆ?" ಅಂದ. ಹುಡುಗ ನಕ್ಕ, "ಅರ್ಧ ಅದೇ ನುಂಗ್ತು." ಈ ಮೀಟರಿನಲ್ಲಿ ದುಡ್ಡು ಮುಗಿದು ಮನೆ ಕತ್ತಲಾದಾಗಲೂ ಸ್ಟ್ಯಾಂಡಿಂಗ್ ಚಾರ್ಜ್ ಸುಮ್ನೆ ಏರುತ್ತಲೇ ಇರುತ್ತದೆ. ಮತ್ತೆ ದುಡ್ಡು ಹಾಕಿದಾಗ ಮೊದಲು ಆ ಬಾಕಿ ಮುರಿದುಕೊಳ್ಳುತ್ತದೆ. 2023ರ ಜುಲೈವರೆಗೆ ಇಂಥವರು ಬ್ಯಾಂಕಿನಿಂದ ತಿಂಗಳಿಗೊಮ್ಮೆ ಕಟ್ಟುವವರಿಗಿಂತ ಜಾಸ್ತಿ ದರ ಕೊಡುತ್ತಿದ್ದರು. ಬಡವರಿಗೆ ದುಬಾರಿ, ಉಳ್ಳವರಿಗೆ ಅಗ್ಗ. ಲೆಕ್ಕಪತ್ರದಲ್ಲಿ ಮಾತ್ರ ಕಂಪನಿ ಯಾರ ಕರೆಂಟನ್ನೂ ಕತ್ತರಿಸಿಲ್ಲ. ಅವರ ಮನೆಯ ದೀಪ ತಾನಾಗಿಯೇ ಆರಿತು, ಅಷ್ಟೇ.

ಹಾಗಾದರೆ ಸ್ಟ್ಯಾಂಡಿಂಗ್ ಚಾರ್ಜ್ ತೆಗೆದುಬಿಟ್ಟರೆ? ಕೇಳಲು ಚೆಂದ. ಆದರೆ ಆ ಖರ್ಚು ಯೂನಿಟ್ ದರದ ಮೇಲೆ ಕೂರುತ್ತದೆ. ಮನೆಯಲ್ಲೇ ಆಮ್ಲಜನಕದ ಯಂತ್ರ ಓಡಿಸಬೇಕಾದ ರೋಗಿ, ಗಾಳಿ ನುಗ್ಗುವ ಹಳೇ ಮನೆಯಲ್ಲಿ ಕರೆಂಟ್ ಹೀಟರ್ ನಂಬಿಕೊಂಡ ಬಡ ಕುಟುಂಬ, ಇವರ ಬಿಲ್ ಏರುತ್ತದೆ. ಒಬ್ಬ ಬಡವನ ಎಲೆಯಿಂದ ತೆಗೆದು ಇನ್ನೊಬ್ಬ ಬಡವನ ಎಲೆಗೆ.

ಇನ್ನೊಂದು ವಿಷಯ ಜನರಿಗೆ ಅರ್ಥವೇ ಆಗುವುದಿಲ್ಲ. ಉತ್ತರ ಸಮುದ್ರದಲ್ಲಿ ಅಷ್ಟೊಂದು ಗಾಳಿ ಗಿರಣಿಗಳು ತಿರುಗುತ್ತಿವೆ, ಗಾಳಿಗೆ ಪುಟಿನ್ ದುಡ್ಡು ಕೇಳಲ್ಲ, ಮತ್ತೆ ಕರೆಂಟ್ ಯಾಕೆ ದುಬಾರಿ? ಸಗಟು ಮಾರುಕಟ್ಟೆಯಲ್ಲಿ ಆ ಹೊತ್ತಿನ ಬೇಡಿಕೆ ಪೂರೈಸಲು ಕೊನೆಗೆ ಚಾಲೂ ಮಾಡಿದ ಘಟಕದ ದರವೇ ಎಲ್ಲರಿಗೂ ದರ. ಬ್ರಿಟನ್ನಿನಲ್ಲಿ ಆ ಕೊನೆಯ ಘಟಕ ಸಾಮಾನ್ಯವಾಗಿ ಗ್ಯಾಸಿನದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗೆ, ಗ್ಯಾಸಿಗೆ ಜ್ವರ ಬಂದರೆ ಗಾಳಿ ಕರೆಂಟಿಗೂ ಬರೆ. 2022ರಲ್ಲಿ ಶೆಲ್ ಕಂಪನಿಯ ಲಾಭ ಸುಮಾರು 40 ಬಿಲಿಯನ್ ಡಾಲರ್. ಸರ್ಕಾರ ಆ ವರ್ಷವೇ ತೈಲ, ಗ್ಯಾಸ್ ಕಂಪನಿಗಳ ಮೇಲೆ ಹೆಚ್ಚುವರಿ ತೆರಿಗೆ ಹಾಕಿತು. ಆದರೆ ಇಷ್ಟು ದೂರದ, ಇಷ್ಟು ದೊಡ್ಡ ಸಂಖ್ಯೆಯ ಬಗ್ಗೆ ಬೀದಿಯಲ್ಲಿ ಯಾರೂ ಹೆಚ್ಚು ಹೊತ್ತು ಮಾತಾಡುವುದಿಲ್ಲ. ಮಾತು ಮತ್ತೆ ಪಕ್ಕದ ಮನೆಗೇ ಬರುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇದ್ದಾರೆ, ಒಬ್ಬರೇ. ಹದಿನಾರನೇ ವಯಸ್ಸಿಗೆ ನಮ್ಮೂರು ರೆಡಿಂಗಿನ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದವರು. ಕಾರ್ಖಾನೆ 1976ರಲ್ಲಿ ಮುಚ್ಚಿತು, ಆಮೇಲೆ ಎಲ್ಲೆಲ್ಲೋ ದುಡಿದರು. ಅವರ ಆದಾಯ ಸರ್ಕಾರದ ಪಿಂಚಣಿ ಮಾತ್ರ. ಚಳಿಗಾಲಕ್ಕೆ ಹೀಟಿಂಗ್ ಖರ್ಚಿಗೆ ಅಂತ ಎಲ್ಲ ವೃದ್ಧರಿಗೂ 200 ಅಥವಾ 300 ಪೌಂಡ್ ಬರುತ್ತಿತ್ತು. 2024ರ ಜುಲೈನಲ್ಲಿ ಹೊಸ ಲೇಬರ್ ಸರ್ಕಾರದ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಇದನ್ನು ಪೆನ್ಶನ್ ಕ್ರೆಡಿಟ್‌ನಂಥ ಬಡವರ ಸಹಾಯಧನ ಪಡೆಯುವವರಿಗೆ ಮಾತ್ರ ಅಂದರು. ಸುಮಾರು 1 ಕೋಟಿ ವೃದ್ಧರ ದುಡ್ಡು ನಿಂತಿತು.

ಶ್ರೀಮಂತ ಮುದುಕರಿಗೆ ಯಾಕೆ ಕೊಡಬೇಕು ಅನ್ನುವುದು ಸರಿಯಾದ ಪ್ರಶ್ನೆಯೇ. ಆದರೆ ಗೆರೆ ಎಲ್ಲಿ ಬಿತ್ತು ನೋಡಿ. 2024–25ರಲ್ಲಿ ಒಂಟಿ ವೃದ್ಧರಿಗೆ ಪೆನ್ಶನ್ ಕ್ರೆಡಿಟ್ಟಿನ ಗೆರೆ ವಾರಕ್ಕೆ 218.15 ಪೌಂಡ್ ಇತ್ತು. ಪೂರ್ತಿ ಹೊಸ ಪಿಂಚಣಿ 221.20. ಮೂರು ಪೌಂಡ್ ಜಾಸ್ತಿ ಇದ್ದದ್ದಕ್ಕೆ 200 ಪೌಂಡ್ ಹೋಯಿತು. ಗೆರೆಯ ಈಚೆ ಇದ್ದವರಿಗೂ ಸುಲಭ ಇರಲಿಲ್ಲ. ಅರ್ಜಿಯಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಒಂದು ವರ್ಷ ಬೈಸಿಕೊಂಡ ಮೇಲೆ 2025ರ ಜೂನ್‌ನಲ್ಲಿ ಗೆರೆಯನ್ನು ವರ್ಷಕ್ಕೆ 35,000 ಪೌಂಡ್ ಆದಾಯಕ್ಕೆ ಸರಿಸಿದರು. ದುಡ್ಡು ನಿಂತಿದ್ದ ಆ ಚಳಿಗಾಲ ಅಜ್ಜಿ ಸೋಫಾ ಮೇಲೆ ಕಂಬಳಿ ಹೊದ್ದು ಕೂತೇ ಮಾತಾಡಿಸಿದರು. "ನಾನು ಬೇಡ್ತಾ ಇಲ್ಲಪ್ಪ. ಜೀವನ ಪೂರ್ತಿ ಕಟ್ಟಿದ್ದೀನಿ."

"ಕಟ್ಟಿದ್ದೀನಿ" ಅನ್ನುವ ಈ ಮಾತು ಬ್ರಿಟಿಷರ ನ್ಯಾಯದ ಲೆಕ್ಕದ ಬೇರು. ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಅಂತ ಒಂದು ಕಡಿತ ಇದೆ, 1911ರ ಕಾನೂನಿನಿಂದ ಬಂದದ್ದು. ಹೆಸರಲ್ಲಿ ಇನ್ಶೂರೆನ್ಸ್ ಇದೆ, ಹಾಗಾಗಿ ತಮ್ಮ ದುಡ್ಡು ಎಲ್ಲೋ ಒಂದು ಹುಂಡಿಯಲ್ಲಿ ಇದೆ ಅಂತ ಜನ ನಂಬಿದ್ದಾರೆ. ಹುಂಡಿ ಇಲ್ಲ. ಇವತ್ತು ದುಡಿಯುವವರ ಕಡಿತದಿಂದ ಇವತ್ತಿನ ಪಿಂಚಣಿ ಹೋಗುತ್ತದೆ. ಇದನ್ನು ಅಜ್ಜಿಗೆ ಹೇಳುವ ಧೈರ್ಯ ನನಗೆ ಇಲ್ಲ. ನನ್ನ ಜೊತೆ ಕೆಲಸ ಮಾಡುವ ಇಪ್ಪತ್ತೇಳರ ಹುಡುಗಿಗೆ ಮಾತ್ರ ಅದು ಚೆನ್ನಾಗಿ ಗೊತ್ತು. ಅವಳು ಹೇಳುವುದು, "ಪಿಂಚಣಿಗೆ ಟ್ರಿಪಲ್ ಲಾಕ್ ಇದೆ. ನನ್ನ ಸಂಬಳಕ್ಕೆ ಯಾವ ಲಾಕು?" ಟ್ರಿಪಲ್ ಲಾಕ್ ಅಂದರೆ ಹಣದುಬ್ಬರ, ಸರಾಸರಿ ಸಂಬಳದ ಏರಿಕೆ, 2.5 ಪ್ರತಿಶತ, ಈ ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು ಪ್ರತಿ ವರ್ಷ ಪಿಂಚಣಿ ಏರಬೇಕು. 2023ರಲ್ಲಿ 10.1, 2024ರಲ್ಲಿ 8.5 ಪ್ರತಿಶತ ಏರಿತು. ಆ ಹುಡುಗಿಯ ಸಂಬಳ ಹಾಗೆ ಏರಿಲ್ಲ. 2025ರಲ್ಲಿ ದೇಶದ ಸರಾಸರಿ ಮನೆ ಬಾಡಿಗೆ ತಿಂಗಳಿಗೆ 1,300 ಪೌಂಡ್ ದಾಟಿತು. ಅವಳು ಇನ್ನೂ ಇಬ್ಬರ ಜೊತೆ ಮನೆ ಹಂಚಿಕೊಂಡಿದ್ದಾಳೆ. 1997ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಮನೆಯ ಬೆಲೆ ವರ್ಷದ ಸಂಬಳದ ಮೂರೂವರೆ ಪಟ್ಟು ಇತ್ತು, ಈಗ ಏಳೆಂಟು ಪಟ್ಟು.

ನನಗೆ ಇಬ್ಬರದ್ದೂ ಸರಿ ಅನ್ನಿಸುತ್ತದೆ. ಒಬ್ಬರು "ಕಟ್ಟಿದವರಿಗೆ ಸಿಗಬೇಕು" ಅನ್ನುತ್ತಾರೆ, ಇನ್ನೊಬ್ಬರು "ಬೇಕಾದವರಿಗೆ ಸಿಗಬೇಕು" ಅನ್ನುತ್ತಾರೆ. ಎರಡಕ್ಕೂ ಇಲ್ಲಿ ಫೇರ್ ಅಂತಲೇ ಹೆಸರು.

ಇಂಥ ಗೆರೆಗಳು ಎಷ್ಟಿವೆ ಅಂತೀರಿ! ಮಕ್ಕಳ ಭತ್ಯೆ ತೆಗೆದುಕೊಳ್ಳಿ. ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 2,200 ಪೌಂಡ್‌ಗಿಂತ ಜಾಸ್ತಿ ಬರುತ್ತದೆ. ಮನೆಯಲ್ಲಿ ಒಬ್ಬರ ಆದಾಯ 60,000 ದಾಟಿದರೆ ಕಡಿಮೆಯಾಗುತ್ತಾ ಹೋಗಿ 80,000ಕ್ಕೆ ಪೂರ್ತಿ ನಿಲ್ಲುತ್ತದೆ. ಗಂಡ ಹೆಂಡತಿ ಇಬ್ಬರೂ 59,000 ದುಡಿದರೆ, ಒಟ್ಟು 1,18,000, ಪೂರ್ತಿ ಸಿಗುತ್ತದೆ. ಒಬ್ಬರೇ 80,000 ದುಡಿಯುವ ಮನೆಗೆ ಒಂದು ಪೈಸೆಯೂ ಇಲ್ಲ. ಇಲ್ಲಿ ನೆಲೆಯೂರಿದ ಕನ್ನಡದ ಮನೆಗಳಲ್ಲಿ ಮಕ್ಕಳು ಸಣ್ಣವರಿರುವಾಗ ಒಬ್ಬರೇ ದುಡಿಯುವುದು ಜಾಸ್ತಿ. ಹಾಗಾಗಿ ಯುಗಾದಿ ಊಟದ ಹೊತ್ತಲ್ಲಿ ಈ ವಿಷಯ ಒಬ್ಬಟ್ಟಿನ ಜೊತೆಗೇ ಬಡಿಸಲ್ಪಡುತ್ತದೆ.

ಇದಕ್ಕಿಂತ ಕ್ರೂರವಾದದ್ದು ಆರೈಕೆದಾರರ ಭತ್ಯೆ. ಕಾಯಿಲೆಯ ತಾಯಿಯನ್ನೋ ಅಂಗವಿಕಲ ಮಗುವನ್ನೋ ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಂಡರೆ 2025–26ರಲ್ಲಿ ವಾರಕ್ಕೆ 83.30 ಪೌಂಡ್. ಗಂಟೆಗೆ ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ. ಜೊತೆಗೆ ಹೊರಗೆ ದುಡಿಯಬಹುದಿತ್ತು, ಆದರೆ ಆ ವರ್ಷ ವಾರಕ್ಕೆ 196 ಪೌಂಡ್ ಒಳಗೆ. ಒಂದು ಪೆನ್ನಿ ದಾಟಿದರೂ ಆ ವಾರದ 83.30 ಪೂರ್ತಿ ಖೋತಾ. ಅಂಗಡಿಯಲ್ಲಿ ಸಾಹುಕಾರ ಪ್ರೀತಿಯಿಂದ ಒಂದು ಗಂಟೆ ಹೆಚ್ಚು ಕೆಲಸ ಕೊಟ್ಟರೆ ಅದೇ ಶಾಪ. ಇಲಾಖೆ ಇದನ್ನು ವರ್ಷಗಟ್ಟಲೆ ಗಮನಿಸದೆ, ಒಂದು ದಿನ ಸಾವಿರಾರು ಪೌಂಡ್ ವಾಪಸ್ ಕೊಡಿ ಅಂತ ಕಾಗದ ಕಳಿಸಿತು. ಹೀಗೆ ಸಾಲಗಾರರಾದವರು ಒಂದು ಲಕ್ಷಕ್ಕೂ ಹೆಚ್ಚು. ತಪ್ಪು ಬಹುಪಾಲು ಸರ್ಕಾರದ್ದೇ ಅಂತ 2025ರ ನವೆಂಬರ್‌ನಲ್ಲಿ ಬಂದ ಸ್ವತಂತ್ರ ವರದಿ ಹೇಳಿತು. ಅದೇ ತಿಂಗಳ ಬಜೆಟ್ಟಿನಲ್ಲಿ, ಬಡ ಕುಟುಂಬಗಳ ಸಹಾಯಧನಕ್ಕೆ 2017ರಿಂದ ಇದ್ದ ಎರಡು ಮಕ್ಕಳ ಮಿತಿಯನ್ನೂ 2026ರ ಏಪ್ರಿಲ್‌ನಿಂದ ತೆಗೆಯುವುದಾಗಿ ರೀವ್ಸ್ ಘೋಷಿಸಿದರು. ಮೂರನೇ ಮಗುವಿನ ಪಾಲು ಕೊಡಬೇಕೋ ಬೇಡವೋ ಅನ್ನುವ ಜಗಳ ಅದರಿಂದ ಮುಗಿಯಿತು ಅಂತ ಮಾತ್ರ ಹೇಳಲಾರೆ.

ಮನೆ ತೆರಿಗೆ ಅಂದರೆ ಕೌನ್ಸಿಲ್ ಟ್ಯಾಕ್ಸ್ ಬೇರೆಯೇ ತಮಾಷೆ. ಇಂಗ್ಲೆಂಡಿನಲ್ಲಿ ಇವತ್ತಿಗೂ ಅದನ್ನು 1991ರ ಏಪ್ರಿಲ್ 1ರ ಮನೆ ಬೆಲೆಯ ಮೇಲೆ ಹಾಕುತ್ತಾರೆ. ಮೊನ್ನೆ ಮೊನ್ನೆ ಕಟ್ಟಿದ ಮನೆಯಾದರೂ "ಇದು 1991ರಲ್ಲಿ ಇದ್ದಿದ್ದರೆ ಎಷ್ಟಕ್ಕೆ ಹೋಗ್ತಿತ್ತು" ಅಂತ ಊಹಿಸುತ್ತಾರೆ! ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಅರಮನೆ ಇರುವ ಅದೇ ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಅತಿ ಮೇಲಿನ ಎಚ್ ಬ್ಯಾಂಡಿನ ಮನೆಗೆ ವರ್ಷಕ್ಕೆ ಸುಮಾರು 2,000 ಪೌಂಡ್. ಈಶಾನ್ಯದ ಬಡ ಊರು ಹಾರ್ಟ್‌ಲ್‌ಪೂಲ್‌ನಲ್ಲಿ ನಡುಮಟ್ಟದ ಡಿ ಬ್ಯಾಂಡಿನ ಮನೆಗೇ ಅದಕ್ಕಿಂತ ಜಾಸ್ತಿ. ಇಷ್ಟು ದೊಡ್ಡ ಪಂಕ್ತಿಭೇದ ಕಣ್ಣೆದುರಿಗಿದ್ದರೂ ಜನ ಇದರ ಬಗ್ಗೆ ಚಳಿಗಾಲದ 200 ಪೌಂಡಿನಷ್ಟು ಕೂಗಾಡುವುದಿಲ್ಲ. ಹಾರ್ಟ್‌ಲ್‌ಪೂಲಿನವನಿಗೆ ವೆಸ್ಟ್‌ಮಿನ್‌ಸ್ಟರಿನ ಬಿಲ್ ಯಾರು ತೋರಿಸುತ್ತಾರೆ? ಸರ್ಕಾರಗಳಿಗೂ ಮರುಲೆಕ್ಕ ಮಾಡಲು ಭಯ. ತಲೆಗಂದಾಯ ತಂದು 1990ರಲ್ಲಿ ಟ್ರಫಾಲ್ಗರ್ ಚೌಕದಲ್ಲಿ ಗಲಭೆ ಆದದ್ದು ಯಾರೂ ಮರೆತಿಲ್ಲ. 20 ಲಕ್ಷ ಪೌಂಡ್‌ಗಿಂತ ಬೆಲೆಬಾಳುವ ಮನೆಗಳ ಮೇಲೆ 2028ರಿಂದ ಹೆಚ್ಚುವರಿ ತೆರಿಗೆ ಬರಲಿದೆ. ಅಷ್ಟರ ಮಟ್ಟಿಗೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

ನಮ್ಮಂಥವರ ಎಲೆಯ ಕಥೆಯನ್ನೂ ಹೇಳಬೇಕು. ಬೆಂಗಳೂರಿನಿಂದ ಐಟಿ ಕೆಲಸಕ್ಕೆ ವೀಸಾ ಮೇಲೆ ಬರುವವರು ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆಸ್ಪತ್ರೆಗೆ ಅಂತ ವರ್ಷಕ್ಕೆ ತಲಾ 1,035 ಪೌಂಡ್, ಮಕ್ಕಳಿಗೆ 776 ಕಟ್ಟಬೇಕು. ನಾಲ್ಕು ಜನರ ಕುಟುಂಬ, ಐದು ವರ್ಷದ ವೀಸಾ ಅಂದರೆ 18,110 ಪೌಂಡ್, ಅದೂ ಮುಂಗಡ. ರೂಪಾಯಿಯಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. ಆಮೇಲೆ ಎಲ್ಲರ ಹಾಗೆ ತೆರಿಗೆ, ಎಲ್ಲರ ಹಾಗೆ ನ್ಯಾಷನಲ್ ಇನ್ಶೂರೆನ್ಸ್. ವೀಸಾದ ಷರತ್ತಿನಲ್ಲೇ "ಸರ್ಕಾರಿ ಸಹಾಯಧನ ಇಲ್ಲ" ಅಂತ ಇರುತ್ತದೆ, ಹಾಗಾಗಿ ಮಕ್ಕಳ ಭತ್ಯೆಯೂ ಇಲ್ಲ. ಆದರೂ ಪಬ್ಬಿನಲ್ಲಿ ಯಾರೋ "ಹೊರಗಿನವರು ಬಂದು ಎಲ್ಲ ಬಿಟ್ಟಿ ತಗೊಳ್ತಾರೆ" ಅನ್ನುತ್ತಾರೆ. ಎರಡು ಸಲ ಕಟ್ಟಿದ್ದೇವೆ ಅಂತ ವಿವರಿಸಲು ಹೋದರೆ ಪೂರ್ತಿ ಕೇಳುವವರು ಕಡಿಮೆ. ವೇಷ ಬದಲಾಗಿದೆ ಅಷ್ಟೇ, ಅಜ್ಜಿಯ "ಕಟ್ಟಿದ್ದೀನಿ" ಇಲ್ಲೂ ಅದೇ.

ಮುಂದಿನ ಜಗಳ ಯಾವ ಗೆರೆಯ ಮೇಲೆ ಅನ್ನುವುದೂ ಈಗಲೇ ಕಾಣುತ್ತಿದೆ. ವರ್ಷಕ್ಕೆ 12,570 ಪೌಂಡ್‌ವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. 2021ರಿಂದ ಈ ಗೆರೆಯನ್ನು ಹಾಗೇ ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ, 2031ರವರೆಗೆ ಹಾಗೇ ಇಡುತ್ತಾರಂತೆ. ತೆರಿಗೆ ದರ ಏರಿಸದೆ ತೆರಿಗೆ ಏರಿಸುವ ಉಪಾಯ ಇದು. ಸಂಬಳ ಬೆಲೆಯ ಹಿಂದೆ ಓಡುತ್ತದೆ, ಗೆರೆ ನಿಂತಲ್ಲೇ ಇರುತ್ತದೆ, ಜನ ತಾವಾಗಿಯೇ ದಾಟುತ್ತಾರೆ. 2026ರ ಏಪ್ರಿಲ್‌ನಿಂದ ಪೂರ್ತಿ ಪಿಂಚಣಿ ವಾರಕ್ಕೆ 241.30, ವರ್ಷಕ್ಕೆ 12,547. ಗೆರೆಗೆ ಇಪ್ಪತ್ತೆರಡು ಪೌಂಡ್ ಚಿಲ್ಲರೆ ಬಾಕಿ. ಟ್ರಿಪಲ್ ಲಾಕ್ ಇರುವುದರಿಂದ 2027ರಲ್ಲಿ ಕನಿಷ್ಠ 2.5 ಪ್ರತಿಶತ ಏರಲೇಬೇಕು. ಆಗ ನಮ್ಮ ಅಜ್ಜಿಗೂ ವರ್ಷಕ್ಕೆ ಐವತ್ತೆಂಟು ಪೌಂಡ್ ಆಸುಪಾಸು ತೆರಿಗೆ ಬರುತ್ತದೆ. ಪಿಂಚಣಿ ಒಂದನ್ನೇ ನಂಬಿದವರಿಂದ ಅದನ್ನು ವಸೂಲಿ ಮಾಡುವುದಿಲ್ಲ ಅಂತ ರೀವ್ಸ್ ಹೇಳಿದ್ದಾರೆ.

ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಆರಕ್ಕೆ ಬಂದು ನೆಲ ಒರೆಸಿ ಹೋಗುವ ಹೆಂಗಸು ಅರ್ಧ ದಿನದ ಕೆಲಸಕ್ಕೆ ಸುಮಾರು ಅಷ್ಟೇ ದುಡಿಯುತ್ತಾಳೆ. ಅವಳಿಂದ ವಸೂಲಿ ಮಾಡುತ್ತಾರೆ. ಅವಳೂ ಅಜ್ಜಿಯೂ ಇಳಿಯುವುದು ಒಂದೇ ಬಸ್ ಸ್ಟಾಪಿನಲ್ಲಿ. ಇಬ್ಬರಿಗೂ ಈ ಲೆಕ್ಕ ಇನ್ನೂ ಗೊತ್ತಾಗಿಲ್ಲ.